ಒಂದು ದೋಸೆ ನಾಲ್ಕು ತುಂಡು ಮಾಡಿದರೆ ಜಾಸ್ತಿ ಆಯ್ತು ಅಂತಾಳೆ. ಐದು ವರ್ಷಕ್ಕೆ ಇದು ಸರಿನಾ?

ಪುಟ್ಟಿಅಮ್ಮ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ವರ್ಷ, ಯುಕೆಜಿ. ತಟ್ಟೆಗೆ ಒಂದು ಬೆಣ್ಣೆ ದೋಸೆ ಹಾಕಿದರೆ "ನಂಗೆ ಕಮ್ಮಿ" ಅಂತ ರಾಗ. ಅದನ್ನೇ ಅವಳ ಕಣ್ಣೆದುರು ನಾಲ್ಕು ತುಂಡು ಮಾಡಿದರೆ ಖುಷಿಯೋ ಖುಷಿ, "ನಂಗೆ ನಾಲ್ಕು, ಅಣ್ಣಂಗೆ ಒಂದೇ". ಎಷ್ಟು ತಿಳಿಸಿ ಹೇಳಿದರೂ ಅಷ್ಟೇ. ಹರಿಹರದಿಂದ ಅಜ್ಜಿ ಫೋನ್ ಮಾಡಿ "ಊಟ ಆಯ್ತಾ" ಅಂದರೆ ಬಾಯಿ ಬಿಡಲ್ಲ, ಸುಮ್ನೆ ತಲೆ ಆಡಿಸುತ್ತಾಳೆ. ಟ್ಯೂಷನ್ ಮೇಡಂ "ಲೆಕ್ಕದಲ್ಲಿ ವೀಕ್ ಆಗ್ತಾಳೆ, ಈಗಲೇ ತಿದ್ದಿ" ಅಂದಿದ್ದಾರೆ. ದೊಡ್ಡವನಿಗೆ ಹದಿಮೂರು, ಅವನದು ಬೇರೆ ಕಥೆ. ಒಂದು ಮೊಡವೆ ಎದ್ದರೆ ಸಾಕು, ಗಾಜಿನ ಮನೆ ನೋಡೋಕೆ ಕರೆದರೂ ಬರಲ್ಲ, ಎಲ್ಲರೂ ಅವನ ಮುಖಾನೇ ನೋಡ್ತಾರಂತೆ. ಮನೇಲಿ ಎಲ್ಲದಕ್ಕೂ ವಾದ. ಇದೆಲ್ಲ ವಯಸ್ಸಿನದಾ, ಇಲ್ಲ ನಾವೇನಾದರೂ ಮಾಡಬೇಕಾ?

ಕೋಟೆಕಡೆಯವ
ಅಕ್ಕ, ತಿದ್ದೋಕೆ ಹೋಗಬೇಡಿ. ನಾನು ಚಿತ್ರದುರ್ಗದಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ, ನಿಮ್ಮ ಮಗಳ ದೋಸೆ ನಮ್ಮ ಸಿಲಬಸ್‌ನಲ್ಲೇ ಇದೆ! ಸ್ವಿಟ್ಜರ್ಲೆಂಡಿನಲ್ಲಿ ಜೀನ್ ಪಿಯಾಜೆ ಅಂತ ಒಬ್ಬ ಮನೋವಿಜ್ಞಾನಿ ಇದ್ದರು. 1920ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆ ತಯಾರಿಸುವ ಕೆಲಸಕ್ಕೆ ಸೇರಿದ್ದರು. ಎಷ್ಟು ಉತ್ತರ ಸರಿ ಅಂತ ಎಣಿಸುವುದು ಬಿಟ್ಟು ಅವರು ತಪ್ಪು ಉತ್ತರಗಳ ಹಿಂದೆ ಬಿದ್ದರು, ಯಾಕೆಂದರೆ ಒಂದೇ ವಯಸ್ಸಿನ ಮಕ್ಕಳು ಹೆಚ್ಚುಕಮ್ಮಿ ಒಂದೇ ತರ ತಪ್ಪುತ್ತಿದ್ದರು. ಅಂದರೆ ಆ ತಪ್ಪಿಗೂ ಒಂದು ಲೆಕ್ಕಾಚಾರ ಇದೆ ಅಂತಾಯ್ತು.

ಎರಡರಿಂದ ಏಳು ವರ್ಷದವರೆಗೆ ಮಗು ಕಣ್ಣಿಗೆ ಹೊಡೆದು ಕಾಣುವ ಒಂದೇ ಸಂಗತಿ ಹಿಡಿಯುತ್ತೆ. ನಿಮ್ಮ ಮಗಳು ತುಂಡಿನ ಸಂಖ್ಯೆ ಹಿಡಿದಿದ್ದಾಳೆ, ತುಂಡು ಚಿಕ್ಕದಾಗಿದ್ದು ಅದರ ಜೊತೆಗೆ ತಲೆಯಲ್ಲಿ ನಿಲ್ಲಲ್ಲ. ಮಜ್ಜಿಗೆಯನ್ನು ಅಗಲ ಲೋಟದಿಂದ ಉದ್ದನೆಯ ಲೋಟಕ್ಕೆ ಬಗ್ಗಿಸಿ ನೋಡಿ, "ಜಾಸ್ತಿ ಆಯ್ತು" ಅಂತಾಳೆ. ಏಳರ ಆಸುಪಾಸಿನಲ್ಲಿ ಅವಳೇ "ಏನೂ ಹಾಕಿಲ್ಲ, ತೆಗೆದಿಲ್ಲ, ಅಷ್ಟೇ ಇದೆ" ಅನ್ನುತ್ತಾಳೆ. ಫೋನಿಗೆ ತಲೆ ಆಡಿಸುವುದೂ ಅದೇ ಜಾತಿ. ತನಗೆ ಕಾಣುವುದು ಅಜ್ಜಿಗೂ ಕಾಣುತ್ತೆ ಅಂತ ಅವಳ ಲೆಕ್ಕ.

ಹಳೇಪೇಟೆ_ಮೇಷ್ಟ್ರು
ಸರ್, ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದಿದವರಿಗೆಲ್ಲ, ಮಗುವಿನ ಯೋಚನೆ ವಯಸ್ಸಿಗೆ ತಕ್ಕಂತೆ ಬೆಳೆಯುತ್ತೆ ಅನ್ನುವ ಪಿಯಾಜೆಯ ನಾಲ್ಕು ಹಂತ ಬಾಯಿಪಾಠ. ಆಮೇಲೆ ಅದನ್ನೇ ಪಂಚಾಂಗದ ತರ ಇಟ್ಟುಕೊಂಡು "ಏಳು ತುಂಬುವವರೆಗೆ ಆಗಲ್ಲ" ಅಂತ ಮಕ್ಕಳನ್ನು ಕೂರಿಸಿಬಿಡುತ್ತಾರೆ. ಕೇಳುವ ರೀತಿ ಬದಲಾದರೆ ಉತ್ತರಾನೂ ಬದಲಾಗುತ್ತೆ.

1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ಚಂದದ ಪ್ರಯೋಗ ಮಾಡಿದರು. ಎರಡು ಸಾಲು ಬಿಲ್ಲೆ, ಎರಡರಲ್ಲೂ ಅಷ್ಟಷ್ಟೇ. ದೊಡ್ಡವರು ಬೇಕಂತಲೇ ಒಂದು ಸಾಲು ಸರಿಸಿ "ಈಗ ಸಮ ಇದೆಯಾ" ಅಂದರೆ ನಾಲ್ಕರಿಂದ ಆರು ವರ್ಷದ ಬಹಳ ಮಕ್ಕಳು ತಪ್ಪಿದರು. ಅದೇ ಸಾಲನ್ನು ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಆಟ ಮಾಡಿದಾಗ ಅದೇ ವಯಸ್ಸಿನವರಲ್ಲಿ ಹೆಚ್ಚಿನವರು ಸರಿ ಹೇಳಿದರು. ಯೋಚಿಸಿ, ಮೇಷ್ಟ್ರು ಏನೋ ಬದಲಾಯಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ ಉತ್ತರಾನೂ ಬದಲಾಯಿಸಬೇಕೇನೋ ಅಂತ ಮಗುವಿಗೆ ಅನ್ನಿಸಲ್ವಾ? ನನ್ನ ತರಗತಿಯಲ್ಲಿ ದಿನಾ ನೋಡುತ್ತೇನೆ. "ಇನ್ನೊಂದ್ಸಲ ಹೇಳು" ಅಂದರೆ ಸಾಕು, ಸರಿ ಹೇಳಿದವನೂ ಉತ್ತರ ಬದಲಾಯಿಸುತ್ತಾನೆ.

ಇನ್ನು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿ 1934ರಲ್ಲಿ ಕ್ಷಯದಿಂದ ತೀರಿಕೊಂಡರು. ಮಗು ಇವತ್ತು ಒಂಟಿಯಾಗಿ ಏನು ಮಾಡುತ್ತೆ ಅನ್ನುವುದಕ್ಕಿಂತ, ಪಕ್ಕದಲ್ಲಿ ಯಾರಾದರೂ ಕೈಜೋಡಿಸಿದರೆ ಏನು ಮಾಡುತ್ತೆ ಅಂತ ನೋಡಿ ಅಂದವರು ಅವರು. ಹಾಗಾಗಿ ಮೇಡಂ, ವಾದ ಬೇಡ. ತುಂಡುಗಳನ್ನು ಮತ್ತೆ ಜೋಡಿಸಿ ದುಂಡಗೆ ಮಾಡೋಕೆ ಅವಳಿಗೇ ಹೇಳಿ, ಅಣ್ಣನ ದೋಸೆ ಪಕ್ಕ ಇಟ್ಟು ನೋಡಲಿ. ಟ್ಯೂಷನ್ ಬಿಡಿಸಿ ಅಂತ ನಾನು ಹೇಳಲ್ಲ, ಆದರೆ ಐದು ವರ್ಷದವಳನ್ನು ವೀಕ್ ಅನ್ನೋದು ಮಾತ್ರ ಸರಿಯಲ್ಲ.

ಹೊಸ_ಅಪ್ಪ_ಜಗಳೂರು
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದಕ್ಕೆ ಏಳು ತಿಂಗಳು. ಗಿಲಕಿ ಮೇಲೆ ಟವೆಲ್ ಮುಚ್ಚಿದರೆ ಹುಡುಕೋದೇ ಇಲ್ಲ, ಮರೆತೇಬಿಡುತ್ತೆ. ಚಿಂತೆ ಮಾಡಬೇಕಾ?

ಕೋಟೆಕಡೆಯವ
ಬೇಡ. ಮುಚ್ಚಿದ್ದನ್ನು ಎತ್ತಿ ಹುಡುಕೋದು ಎಂಟು ಒಂಬತ್ತು ತಿಂಗಳಿಗೆ ಶುರು. ಅದಕ್ಕೆ ಮುಂಚೆ ವಸ್ತು ಇದೆ ಅನ್ನುವುದೇ ಗೊತ್ತಿರಲ್ಲ ಅಂತ ಪಿಯಾಜೆ ಅಂದಿದ್ದರು. ಆದರೆ 1985ರಲ್ಲಿ ಬೈಯಾರ್ಜನ್ ಅನ್ನುವ ಮನೋವಿಜ್ಞಾನಿ ಮತ್ತು ಜೊತೆಯವರು ಐದು ತಿಂಗಳ ಕೂಸುಗಳಿಗೆ ಒಂದು ಹಲಗೆ ತೋರಿಸಿದರು. ಹಿಂದೆ ಡಬ್ಬಿ ಇದ್ದರೂ ಅದರ ಮೂಲಕವೇ ಹಾದುಹೋದ ಹಾಗೆ ಹಲಗೆ ಹಿಂದಕ್ಕೆ ಮಲಗಿತು. ಆಗಬಾರದ್ದು ಆಯ್ತಲ್ಲ ಅಂತ ಬೆರಗಾದ ಹಾಗೆ ಕೂಸುಗಳು ಅದನ್ನೇ ಜಾಸ್ತಿ ಹೊತ್ತು ನೋಡಿದವು. ಕೈಗಿಂತ ಮುಂಚೆ ಕಣ್ಣಿಗೆ ಗೊತ್ತಾಗುತ್ತೆ ಅಂತ ಕಾಣುತ್ತೆ. ಆದರೆ ಒಂದು ಮಾತು. ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ನಿಂತರೆ ಅಥವಾ ಮಾಡುತ್ತಿದ್ದದ್ದು ಬಿಟ್ಟರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಪುಟ್ಟಿಅಮ್ಮ_ದಾವಣಗೆರೆ
ಥ್ಯಾಂಕ್ಸ್ ಇಬ್ಬರಿಗೂ. ದೊಡ್ಡವನ ಬಗ್ಗೆ ಯಾರೂ ಹೇಳಲೇ ಇಲ್ಲ!

ಮೂರು_ಮಕ್ಕಳ_ತಾಯಿ
ನಾನು ಹೇಳುತ್ತೇನೆ ಬಿಡಿ, ಮೂರನ್ನೂ ಆ ವಯಸ್ಸು ದಾಟಿಸಿದ್ದೇನೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವುದನ್ನು ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲೇ ಬರೆದಿದ್ದಾರೆ. ಬೇರೆಯವರ ತಲೆಯಲ್ಲಿ ಏನಿದೆ ಅಂತ ಯೋಚಿಸೋಕೆ ಹೊಸದಾಗಿ ಶಕ್ತಿ ಬಂದಿರುತ್ತೆ, ಆದರೆ ಅಲ್ಲೂ ತಾನೇ ಇದ್ದೇನೆ ಅಂದುಕೊಳ್ಳುತ್ತಾರೆ. ವಾದಾನೂ ಹಾಗೇ. ಹನ್ನೊಂದು ಹನ್ನೆರಡರ ಮೇಲೆ "ಹೀಗಾಗಿದ್ದರೆ?" ಅಂತ ಕಣ್ಣೆದುರು ಇಲ್ಲದ್ದನ್ನೂ ಯೋಚಿಸೋಕೆ ಬರುತ್ತೆ, ನಿಮ್ಮ ಮನೆಯ ರೂಲ್ಸ್ ಮೇಲೇ ಮೊದಲ ಪ್ರಯೋಗ. ದಾರಕ್ಕೆ ಕಲ್ಲು ಕಟ್ಟಿ ಕೊಡಿ ಅವನಿಗೆ. ತೂಗಾಟದ ವೇಗ ಕಲ್ಲಿನ ಭಾರದಿಂದಲೋ, ದಾರದ ಉದ್ದದಿಂದಲೋ ಕಂಡುಹಿಡಿ ಅನ್ನಿ. ಚಿಕ್ಕವರು ಎರಡನ್ನೂ ಒಟ್ಟಿಗೆ ಬದಲಾಯಿಸಿ ಗೊಂದಲ ಮಾಡಿಕೊಳ್ಳುತ್ತಾರೆ, ಈ ವಯಸ್ಸಿನವರು ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಾಯಿಸೋದು ಕಲಿಯುತ್ತಾರೆ. ಉತ್ತರ ದಾರದ ಉದ್ದ, ಹೇಳಿಬಿಡಬೇಡಿ.

ಮುಖ ನೋಡಿ "ಯಾರು ನೋಡ್ತಾರೆ ನಿನ್ನ" ಅಂತ ನಗಬೇಡಿ, ಅದು ಜಾಸ್ತಿ ನೋಯುತ್ತೆ. ವಾದ ಮಾಡಲಿ, ಕಾರಣ ಸರಿಯಿದ್ದರೆ ಒಂದೆರಡರಲ್ಲಿ ಸೋತುಕೊಡಿ. ಆದರೆ ಮುಂದಾಲೋಚನೆ ಮಾಡಿ ಕೈ ಹಿಡಿದು ನಿಲ್ಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಎಷ್ಟೇ ಚೆನ್ನಾಗಿ ವಾದ ಮಾಡಿದರೂ ಸ್ಕೂಟರ್ ಕೀ ಮಾತ್ರ ಕೊಡಬೇಡಿ.