ಕೈಯಲ್ಲೇ ಹಿಡಿದು ಫೋಕಸ್ ಸ್ಟ್ಯಾಕಿಂಗ್: ಮಲಗಿದ ಜೇನಿನ ಮೀಸೆ ಎರಡೆರಡು ಬರುತ್ತಿದೆ

ಪ್ರಶ್ನೆ (ಮೈಸೂರು)

ನಮಸ್ಕಾರ. ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ತುಂಬೆ ಗಿಡ ದಟ್ಟವಾಗಿ ಬೆಳೆದಿದೆ. ಕತ್ತಲಾಗುವ ಹೊತ್ತಿಗೆ ನೀಲಿ ಪಟ್ಟೆಯ ಜೇನುಗಳು ಬಂದು, ಒಣಗಿದ ಕಡ್ಡಿಯನ್ನು ಬಾಯಲ್ಲೇ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ನನ್ನ ಹತ್ತಿರ ಕ್ಯಾನನ್ 80ಡಿ, 100 ಎಂಎಂ ಮ್ಯಾಕ್ರೋ ಲೆನ್ಸ್, ಒಂದು ಫ್ಲ್ಯಾಶ್ ಇದೆ. ಟ್ರೈಪಾಡ್ ಇಡಲು ಹೋದರೆ ಹುಲ್ಲು ತಗುಲಿ ಕಡ್ಡಿ ಅಲ್ಲಾಡುತ್ತದೆ. ಲೆನ್ಸಿನ ರಂಧ್ರ ಕಿರಿದು ಮಾಡಿ ಎಫ್/16 ಇಟ್ಟರೆ ಮೈಮೇಲಿನ ರೋಮವೆಲ್ಲ ಮಸುಕು. ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ಆಳಕ್ಕೆ ಫೋಕಸ್ ಆದ ಫ್ರೇಮುಗಳ ಚೂಪು ಭಾಗಗಳನ್ನು ಒಂದೇ ಚಿತ್ರವಾಗಿ ಸೇರಿಸುವುದನ್ನೂ ನೋಡಿದೆ. ಕೈಯಲ್ಲಿ ಹಿಡಿದು ತೆಗೆದ ಫ್ರೇಮುಗಳನ್ನು ಸೇರಿಸಿದರೆ ಮೀಸೆ ಎರಡೆರಡು ಕಾಣುತ್ತವೆ. ಈ ಕ್ಯಾಮೆರಾದಲ್ಲಿ ಫೋಕಸ್ ಬ್ರಾಕೆಟಿಂಗ್ (ಫೋಕಸನ್ನು ತಾನೇ ಸರಿಸುತ್ತಾ ಸಾಲಾಗಿ ಫ್ರೇಮು ತೆಗೆಯುವ ಸೌಲಭ್ಯ) ಇಲ್ಲ. ಅದಿಲ್ಲದೆ ಆಗುತ್ತದೆಯೇ?

ಉತ್ತರ (ಶಿರಸಿ)

ಖಂಡಿತ ಆಗುತ್ತದೆ. ನಮ್ಮ ತೋಟದಲ್ಲಿ ನಾನು ತೆಗೆಯುವುದೆಲ್ಲ ಹಾಗೆಯೇ.

ಮೊದಲು ಎಫ್/16 ಬಿಟ್ಟುಬಿಡಿ. 1:1ರಷ್ಟು, ಅಂದರೆ ಹುಳು ಸೆನ್ಸರಿನ ಮೇಲೆ ನಿಜ ಗಾತ್ರದಲ್ಲೇ ಬೀಳುವಷ್ಟು, ಹತ್ತಿರ ಹೋದಾಗ ಅದು ಎಫ್/32ರ ಹಾಗೆ ವರ್ತಿಸುತ್ತದೆ. ಡಿಫ್ರಾಕ್ಷನ್, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದು, ರೋಮವನ್ನೆಲ್ಲ ತಿಂದುಹಾಕುತ್ತದೆ. ಎಫ್/8ಕ್ಕೆ ಬನ್ನಿ. ನಿಮ್ಮ ಸೆನ್ಸರಿನಲ್ಲಿ ಆಗ ಸ್ಪಷ್ಟವಾಗಿ ಬರುವ ಆಳ ಸುಮಾರು 0.6 ಮಿಲಿಮೀಟರ್. ಜೇನನ್ನು ಪಕ್ಕದಿಂದ ತೆಗೆದರೆ ನಿಮಗೆ ಬೇಕಾಗುವುದು ಹೆಚ್ಚೆಂದರೆ ಮೂರ್ನಾಲ್ಕು ಮಿಲಿಮೀಟರ್ ಆಳ. ಒಂದು ಫ್ರೇಮಿನ ಮೇಲೆ ಇನ್ನೊಂದು ಸ್ವಲ್ಪ ಹತ್ತಬೇಕಲ್ಲ, ಹಾಗಾಗಿ ಎಂಟು ಹತ್ತು ಒಳ್ಳೆಯ ಫ್ರೇಮು ಸಾಕು. ಕೈಯ ನಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಇಪ್ಪತ್ತು ಇಪ್ಪತ್ತೈದು ತೆಗೆದು ಆರಿಸಿಕೊಳ್ಳಿ.

ಈಗ ಮುಖ್ಯ ವಿಷಯ. ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಆ ಕಡ್ಡಿಯನ್ನು ಜೇನಿಗಿಂತ ಚೆನ್ನಾಗಿ ಕೆಳಗೆ ಹಿಡಿಯಿರಿ. ಲೆನ್ಸಿನ ಮುಂಭಾಗವನ್ನು ಅದೇ ಕೈಯ ಮೇಲೆ ಊರಿ. ಈಗ ಗಾಳಿ ಬೀಸಿದರೂ ನಿಮ್ಮ ಕೈ ನಡುಗಿದರೂ ಜೇನು, ಲೆನ್ಸು ಎರಡೂ ಒಟ್ಟಿಗೆ ಅಲ್ಲಾಡುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಕೈಯಲ್ಲಿ ಹಿಡಿದು ಮಾಡುವ ಸ್ಟ್ಯಾಕಿಂಗಿನ ಜೀವಾಳ ಇದೇ. ಕಡ್ಡಿ ಹಿಡಿಯುವಾಗ ಮಾತ್ರ ಅವಸರ ಬೇಡ. ಕೈಯನ್ನು ಕೆಳಗಿನಿಂದ ನಿಧಾನ ತನ್ನಿ. ಜೇನು ಮೀಸೆ ಆಡಿಸಿತೋ, ಅಲ್ಲೇ ನಿಲ್ಲಿ.

ಆಮೇಲೆ ಆಟೋಫೋಕಸ್ ಆಫ್ ಮಾಡಿ, ರಿಂಗನ್ನು ಮುಟ್ಟಬೇಡಿ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಹತ್ತಿರದ ಮೀಸೆಯ ತುದಿಗಿಂತ ತುಸು ಮುಂಚಿನಿಂದ ಶುರುಮಾಡಿ, ಊರಿದ ಕೈಯ ಮೇಲೆ ಲೆನ್ಸನ್ನು ಕೂದಲೆಳೆಯಷ್ಟೇ ಒಳಕ್ಕೆ ಜಾರಿಸುತ್ತಾ ಹೋಗಿ. ಒಂದೇ ದಿಕ್ಕು, ಹಿಂದೆ ಮುಂದೆ ತೂಗಾಡಬಾರದು. ಮೀಸೆ ಎರಡಾಗುವುದು ಹೆಚ್ಚಾಗಿ ಕ್ಯಾಮೆರಾ ಅಡ್ಡಕ್ಕೆ ಸರಿಯುವುದರಿಂದ: ಮುಂದಿರುವ ಮೀಸೆ, ಹಿಂದಿರುವ ಎದೆಯ ಮೇಲೆ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಸಾಫ್ಟ್‌ವೇರ್ ಯಾವುದೋ ಒಂದನ್ನು ಜೋಡಿಸುತ್ತದೆ, ಇನ್ನೊಂದು ಉಳಿದುಬಿಡುತ್ತದೆ. ಅಡ್ಡ ಸರಿದ ಫ್ರೇಮುಗಳನ್ನು ಕಣ್ಣಲ್ಲೇ ನೋಡಿ ಮೊದಲೇ ತೆಗೆದುಹಾಕಿ.

ಫ್ಲ್ಯಾಶ್ 1/16 ಪವರಿನಲ್ಲಿಡಿ. ಸಾಮಾನ್ಯ ಸ್ಪೀಡ್‌ಲೈಟು ಆಗ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ ಹೊತ್ತು ಉರಿಯುತ್ತದೆ, ಕೈ ನಡುಕ ಫೋಟೋದಲ್ಲಿ ಕಾಣುವುದಿಲ್ಲ. ಬರ್ಸ್ಟ್ (ಬಟನ್ ಒತ್ತಿ ಹಿಡಿದಾಗ ಸಾಲಾಗಿ ಬರುವ ಫ್ರೇಮುಗಳು) ನಿಧಾನದ್ದೇ ಇರಲಿ. 80ಡಿಯಲ್ಲಿ ಸೆಕೆಂಡಿಗೆ ಮೂರು ಸಿಗುತ್ತದೆ, ಫ್ಲ್ಯಾಶಿಗೂ ಉಸಿರಾಡಲು ಪುರುಸೊತ್ತು. ಫ್ಲ್ಯಾಶಿನ ಮುಂದೆ ಪಾರ್ಸೆಲ್ಲಿನಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ ಎರಡು ಪದರ ಕಟ್ಟಿ, ಇಲ್ಲದಿದ್ದರೆ ಕಣ್ಣಿನ ಮೇಲೆ ಬಿಳಿ ಚುಕ್ಕೆ ಹೊಡೆಯುತ್ತದೆ.

ಸಂಜೆಗಿಂತ ಬೆಳಗಿನ ಜಾವ ಒಳ್ಳೆಯದು. ಬಿಸಿಲು ಕಡ್ಡಿಗೆ ತಾಗುವ ಮೊದಲು ಅವುಗಳ ಮೈ ತಣ್ಣಗಿರುತ್ತದೆ, ಅಲ್ಲಾಡುವುದು ಕಡಿಮೆ. ಕೆಲವರು ಹುಳುವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ತಂದು ತೆಗೆಯುತ್ತಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಅದು ಬದುಕುವ ಜಾಗದಲ್ಲಿ, ಅದು ಹೇಗಿದೆಯೋ ಹಾಗೆ ತೆಗೆದದ್ದಕ್ಕೇ ನನ್ನ ಮಟ್ಟಿಗೆ ಬೆಲೆ.

ಹೂವಿಗೆ ಇಷ್ಟೆಲ್ಲ ಬೇಡ. ತುಂಬೆಯ ಮೇಲ್ತುಟಿಯ ಬಿಳಿ ರೋಮದಿಂದ ಕೆಳತುಟಿಯ ಅಂಚಿನವರೆಗೆ ಕೆಲವೇ ಫ್ರೇಮು ಸಾಕು. ಹಿಂದಿನ ಮೊಗ್ಗುಗಳನ್ನೂ ಚೂಪು ಮಾಡಲು ಹೊರಟರೆ ಹೂವೇ ಕಾಣದಂತಾಗುತ್ತದೆ.

ಉತ್ತರ (ಧಾರವಾಡ)

ಮ್ಯಾಲಿನವರು ಹೇಳಿದ್ದು ಖರೇ ಅದ. ನಾ ಸಾಫ್ಟ್‌ವೇರ್ ಬಗ್ಗೆ ಹೇಳ್ತೀನ್ರಿ. ಫ್ರೇಮು ಸೇರಿಸೋ ಝೆರೀನ್ ಸ್ಟ್ಯಾಕರ್ ಇದ್ರ, ಅದರಾಗಿನ ಪಿಮ್ಯಾಕ್ಸ್ ಅನ್ನೋ ವಿಧಾನ ರೋಮಕ್ಕ, ಮೀಸಿಗೆ ಭಾಳ ಚಲೋ, ಆದ್ರ ನಾಯ್ಸ್ (ಕಾಳು ಕಾಳು ಕಾಣೂದು) ಹೆಚ್ಚು ಮಾಡ್ತದ. ಡಿಮ್ಯಾಪ್ ಅನ್ನೋ ಇನ್ನೊಂದು ವಿಧಾನದಾಗ ಬಣ್ಣ, ನುಣುಪು ಜಾಗಾ ಛಂದ ಬರ್ತಾವ. ಎರಡೂ ಮಾಡಿ, ಡಿಮ್ಯಾಪ್ ಮ್ಯಾಲ ಪಿಮ್ಯಾಕ್ಸಿನ ರೋಮ ಅಷ್ಟ ಬ್ರಷ್‌ಲೇ ತಗೋರಿ. ರೊಕ್ಕ ಖರ್ಚು ಮಾಡೂದು ಬ್ಯಾಡಂದ್ರ ಹ್ಯೂಗಿನ್ ಹಾಕ್ಕೋರಿ, ಪುಕ್ಕಟೆ ಅದ. ಅದರ ಜೋಡಿ ಬರೋ ಅಲೈನ್ ಇಮೇಜ್ ಸ್ಟ್ಯಾಕಿನಿಂದ ಜೋಡಿಸಿ, ಆಮ್ಯಾಲ ಫ್ರೇಮು ಬೆರೆಸೋ ಎನ್‌ಫ್ಯೂಸಿನಾಗ ಎಕ್ಸ್‌ಪೋಷರ್, ಸ್ಯಾಚುರೇಷನ್ ವೇಟ್ 0, ಕಾಂಟ್ರಾಸ್ಟ್ ವೇಟ್ 1 ಇಟ್ಟು, ಹಾರ್ಡ್ ಮಾಸ್ಕ್ (ಪ್ರತಿ ಚುಕ್ಕಿ ಭಾಳ ಚೂಪಿದ್ದ ಒಂದ ಫ್ರೇಮಿನಿಂದ ತಗೊಳ್ಳೂದು) ಹಚ್ಚರಿ. ಅಂಚು ಕತ್ತರಿಸಿ ಹೋಗ್ತದ, ಅದಕ್ಕ ತೆಗಿಯೋವಾಗನ ಸುತ್ತ ಜಾಗಾ ಬಿಡ್ರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಡ್ಡಿ ಹಿಡಿಯುವ ಉಪಾಯ ಕೆಲಸ ಮಾಡಿತು, ಮೀಸೆ ಈಗ ಒಂದೊಂದೇ! ಅದೇ ಗಿಡದಲ್ಲಿ ಒಂದು ಜಿಗಿಯುವ ಜೇಡವೂ ಸಿಕ್ಕಿತು. ಅದು ಕದಲಲೇ ಇಲ್ಲ, ಆದರೂ ಮುಂದಿನ ದೊಡ್ಡ ಕಣ್ಣುಗಳು ಸ್ಟ್ಯಾಕಿನಲ್ಲಿ ಕಲಸಿದಂತೆ ಬಂದಿವೆ. ಒಂದು ಫ್ರೇಮಿನಲ್ಲಿ ಕಪ್ಪು, ಇನ್ನೊಂದರಲ್ಲಿ ಕಂದು. ಬೆಳಕಿನ ತೊಂದರೆಯೇ?

ಉತ್ತರ (ಶಿರಸಿ)

ಬೆಳಕಿನದ್ದಲ್ಲ. ಅದರ ದೊಡ್ಡ ಕಣ್ಣಿನ ಮಸೂರ ಅಲ್ಲಾಡುವುದಿಲ್ಲ, ಆದರೆ ಹಿಂದೆ ಕೊಳವೆಯ ತುದಿಯಲ್ಲಿರುವ ರೆಟಿನಾ ಒಳಗೇ ತಿರುಗುತ್ತದೆ. ಅದು ನೇರ ನಿಮ್ಮ ಲೆನ್ಸನ್ನು ನೋಡುತ್ತಿರುವಾಗ ಕಣ್ಣು ಕಪ್ಪು, ದೃಷ್ಟಿ ಬೇರೆಡೆ ಹೊರಳಿದಾಗ ತಿಳಿ ಬಣ್ಣ. ಸ್ಟ್ಯಾಕ್ ಮುಗಿದ ಮೇಲೆ, ಕಣ್ಣು ಕಪ್ಪಾಗಿ ಚೂಪಾಗಿ ಬಂದ ಒಂದೇ ಫ್ರೇಮನ್ನು ಆರಿಸಿ, ಆ ಎರಡು ಕಣ್ಣುಗಳನ್ನು ಅದರಿಂದಲೇ ಬ್ರಷ್ ಮಾಡಿ. ಫ್ರೇಮುಗಳು ಇನ್ನೂ ಇದ್ದರೆ ಅಳಿಸಬೇಡಿ, ಈ ಫೋಟೋ ಉಳಿಯುತ್ತದೆ.