ಅಪ್‌ಡೇಟ್: ಮಗಳಿಗೆ ಅನ್ನ ಯಾಕೆ ಇಳಿಯುತ್ತಿರಲಿಲ್ಲ ಅಂತ ಗೊತ್ತಾಯಿತು

ಮಗಳಿಗೆ ಹಾಲು ಸಲೀಸಾಗಿ ಇಳಿಯುತ್ತದೆ, ಮೆತ್ತಗಿನ ಅನ್ನ ಕೊಟ್ಟರೂ ನುಂಗಿದ ತಕ್ಷಣ ಹೊರಗೆ ಬರುತ್ತದೆ, ಯಾಕೆ ಅಂತ ಗದಗದಿಂದ ಕೇಳಿದ್ದೆ. ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಕುಡಿಸಿ ಎಕ್ಸ್‌ರೇ ತೆಗೆಸಿ ಎಂದವರಿಗೆ ಕೈ ಮುಗಿಯುತ್ತೇನೆ.

ಹುಬ್ಬಳ್ಳಿಯಲ್ಲಿ ತೆಗೆಸಿದೆವು. ಅನ್ನನಾಳದ ಕೆಳಭಾಗದಲ್ಲಿ ದಾರಿ ಸಣ್ಣದಾಗಿದೆ, ಅದರ ಮೇಲಿನ ಭಾಗ ಹಿಗ್ಗಿದೆ. ಹುಟ್ಟಿನಿಂದಲೇ ಇದ್ದದ್ದು. ಸುಮಾರು 25,000ದಿಂದ 50,000 ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಗಟ್ಟಿ ಊಟ ಶುರುವಾದ ಮೇಲೆಯೇ ಗೊತ್ತಾಗುವುದು ಜಾಸ್ತಿ. ಅತ್ತೆ ಪಾಪ, ದಿನಾ ದೃಷ್ಟಿ ತೆಗೆಯುತ್ತಿದ್ದರು. ಹೊಟ್ಟೆಯ ಆಸಿಡ್ ಮೇಲೆ ಬಂದು ಆದ ಗಾಯ ಅಲ್ಲ ಅಂತ ಎಂಡೋಸ್ಕೋಪಿಯಲ್ಲಿ (ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ) ನೋಡಿಕೊಂಡರು.

ದಾರಿ ಸಣ್ಣದಾಗಿರುವುದು ಯಾವ ಬಗೆಯದು ಅನ್ನುವುದೇ ಇಲ್ಲಿ ಮುಖ್ಯ. ಒಳಗೆ ತೆಳು ಪರದೆ ಇರಬಹುದು, ಗೋಡೆಯ ಸ್ನಾಯು ದಪ್ಪಗಾಗಿರಬಹುದು. ಇವಕ್ಕೆ ಸಾಮಾನ್ಯವಾಗಿ ಮೊದಲು ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಇನ್ನೊಂದರಲ್ಲಿ ಶ್ವಾಸನಾಳದ ಮೃದು ಎಲುಬಿನ ಚೂರು ಅನ್ನನಾಳದ ಗೋಡೆಯಲ್ಲಿ ಉಳಿದಿರುತ್ತದೆ. ಅದು ಸುಲಭಕ್ಕೆ ಹಿಗ್ಗಲ್ಲ, ಒತ್ತಾಯ ಮಾಡಿದರೆ ನಾಳ ಹರಿಯುವ ಭಯ. ಹೆಚ್ಚಾಗಿ ಆಪರೇಷನ್ನೇ ಬೇಕು: ಆ ಭಾಗ ತೆಗೆದು ತುದಿಗಳನ್ನು ಜೋಡಿಸುತ್ತಾರೆ. ಎಂಡೋಸ್ಕೋಪಿಯೊಳಗಿಂದ ಮಾಡುವ ಸ್ಕ್ಯಾನ್‌ನಲ್ಲಿ ಆ ಚೂರು ಕಾಣಬಹುದು. ನಿಮ್ಮ ಡಾಕ್ಟರನ್ನು ಇದನ್ನು ಕೇಳಲೇಬೇಕು, ಅಲ್ವಾ?

ನಮ್ಮ ಮಗಳದು ಸ್ನಾಯುವಿನ ಬಗೆ. ಅರಿವಳಿಕೆ ಕೊಟ್ಟು ಬಲೂನ್ ಹಾಕಿದರು. ಈಗ ಮಜ್ಜಿಗೆ ಕಲಸಿದ ನುಚ್ಚು ತಿನ್ನುತ್ತಾಳೆ, ತೂಕವೂ ಏರುತ್ತಿದೆ. ಮತ್ತೆ ಹಿಗ್ಗಿಸಬೇಕಾಗಬಹುದು ಅಂದಿದ್ದಾರೆ. ಬಲೂನ್ ಹಾಕಿದ ಮೇಲೆ ಜ್ವರ, ಎದೆನೋವು, ಉಸಿರಿನ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಓಡಿ.