‘ಎರಡು ವಾರ ಮುಂದೆ’ ಅಂದರೆ ಎಷ್ಟು ದಿನ?

ಒಂದು ಬಳಕೆಯ ಬಗ್ಗೆ ಕೇಳಬೇಕಿತ್ತು. ಮಕ್ಕಳಿಗಾಗಿ ಬರೆದ ಬರಹವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಈ ಸಾಲಿದೆ: “ಅಧಿಕ ವರ್ಷದಲ್ಲಿ ಹುಟ್ಟುಹಬ್ಬ ಎರಡು ವಾರ ಮುಂದಕ್ಕೆ ಹೋಗುತ್ತದೆ.”

ಬರೆದವರ ಮನಸ್ಸಿನಲ್ಲಿದ್ದದ್ದು ಶುಕ್ರವಾರದಿಂದ ಭಾನುವಾರಕ್ಕೆ ಹೋಗುವುದು. ಓದುವವರಿಗೆ ಹದಿನಾಲ್ಕು ದಿನ ಅನ್ನಿಸುತ್ತದೆ. “ಇವತ್ತು ಯಾವ ವಾರ?” ಅಂದರೆ ಒಂದು ದಿನ, “ಒಂದು ವಾರ ರಜೆ” ಅಂದರೆ ಏಳು ದಿನ. ಮಾತಿನಲ್ಲಿ ಇದು ತೊಡಕಾಗುವುದೇ ಇಲ್ಲ. ಲೆಕ್ಕ ಹೇಳಲು ಹೊರಟಾಗ ಎಡವಟ್ಟು.

ಲೆಕ್ಕವೇನೋ ಸುಲಭ. 365 ದಿನಕ್ಕೆ 52 ವಾರ ಹೋಗಿ ಒಂದು ದಿನ ಉಳಿಯುತ್ತದೆ. ಹಾಗಾಗಿ ಅದೇ ತಾರೀಕು ಮರುವರ್ಷ ಮುಂದಿನ ವಾರಕ್ಕೆ ಬರುತ್ತದೆ. (ನೋಡಿ, ಇಲ್ಲೂ ಅದೇ ಗೊಂದಲ!) ನಡುವೆ ಫೆಬ್ರುವರಿ 29 ಸಿಕ್ಕಿದರೆ ಎರಡು ದಿನ ಉಳಿಯುತ್ತದೆ. ಮಾರ್ಚ್ 10 ತೆಗೆದುಕೊಳ್ಳಿ. 2023ರಲ್ಲಿ ಶುಕ್ರವಾರ, 2024ರಲ್ಲಿ ಭಾನುವಾರ. ಶನಿವಾರ ಹಾರಿಹೋಯಿತು.

ಇನ್ನೊಂದು ತಕರಾರೂ ಇದೆ. “ಅಧಿಕ ವರ್ಷದಲ್ಲಿ” ಅನ್ನುವುದು ಎಲ್ಲರಿಗೂ ಹೊಂದುವುದಿಲ್ಲ. ಜನವರಿ 10 ಫೆಬ್ರುವರಿ 29ಕ್ಕಿಂತ ಮೊದಲೇ ಬರುತ್ತದೆ. ಅದು 2023ರಲ್ಲಿ ಮಂಗಳವಾರ, 2024ರಲ್ಲಿ ಬುಧವಾರ, 2025ರಲ್ಲಿ ಶುಕ್ರವಾರ. ಅಂದರೆ ಜಿಗಿತ ಅಧಿಕ ವರ್ಷದ ಮರುವರ್ಷ.

ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ಬೇರೆ ವಿಷಯ: ಭಾನುವಾರದ ಹುಟ್ಟುಹಬ್ಬ ಮತ್ತೆ ಯಾವಾಗ? ಮಾರ್ಚ್ 10 ಭಾನುವಾರ ಬರುವುದು 2030ರಲ್ಲಿ, ಆರು ವರ್ಷಕ್ಕೆ. ಆಮೇಲೆ 2035ರಲ್ಲಿ ಶನಿವಾರದವರೆಗೆ ಬಂದು, 2036ರಲ್ಲಿ ಸೀದಾ ಸೋಮವಾರಕ್ಕೆ ಹಾರುತ್ತದೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ! ಇನ್ನು 2041ರವರೆಗೆ ಕಾಯಬೇಕು. ನಂತರ 2047, 2052. ಅಲ್ಲಿಗೆ 28 ವರ್ಷದ ಸುತ್ತು ಮುಗಿಯಿತು. 2100 ಅಧಿಕ ವರ್ಷವಲ್ಲ, ಆಗ ಈ ಸುತ್ತೂ ಕೆಡುತ್ತದೆ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಈಗ ಆ ಸಾಲನ್ನು ಹೇಗೆ ತಿದ್ದುವುದು? “ಎರಡು ದಿನ ಮುಂದಕ್ಕೆ” ಅಂದರೆ 10ನೇ ತಾರೀಕು 12 ಆಯಿತೇನೋ ಅನ್ನಿಸುತ್ತದೆ. “ವಾರದ ದಿನ” ಅಂದರೆ ಕೆಲಸದ ದಿನ ಅಂತ ತಿಳಿಯುವವರಿದ್ದಾರೆ. ಸದ್ಯಕ್ಕೆ “ನಡುವೆ ಫೆಬ್ರುವರಿ 29 ಬಂದರೆ, ಶುಕ್ರವಾರವಿದ್ದ ಹುಟ್ಟುಹಬ್ಬ ಶನಿವಾರ ದಾಟಿ ಭಾನುವಾರ ಬರುತ್ತದೆ” ಅಂತ ಹೆಸರು ಹಿಡಿದೇ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರೂ ತಪ್ಪು ತಿಳಿಯಲಾರರು. ಸೋಮ, ಮಂಗಳ ಅಂತ ಹೆಸರಿಸದೆ ಇದನ್ನೇ ಚುಟುಕಾಗಿ ಹೇಳುವ ಆಡುಮಾತು ನಿಮ್ಮ ಕಡೆ ಇದೆಯೇ?